ಮನೆಯ ನುಡಿಯಲ್ಲಿ ಮಗುವಿನ ಪ್ರಾರ್ಥನೆ

ಜೂನ್ ತಿಂಗಳು ಬಂದಿತೆಂದರೆ ಶಾಲೆಯ ಗಂಟೆಯ ಜೊತೆಗೆ ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳ ಧರ್ಮೋಪದೇಶದ ತರಗತಿಗಳೂ ಆರಂಭವಾಗುತ್ತವೆ. ಮಂಗಳೂರು, ಬೆಂಗಳೂರುಗಳಂತಹ ಊರುಗಳಲ್ಲಿ ಇದೊಂದು ದೊಡ್ಡ ಏರ್ಪಾಡು. ಭಾನುವಾರದ ಬಲಿಪೂಜೆ ಮುಗಿಯುತ್ತಲೇ ಮಕ್ಕಳು ತರಗತಿವಾರು ಸಾಲುಗಟ್ಟುತ್ತಾರೆ. ಕನ್ಯಾಭಗಿನಿಯರು, ಯುವಕ ಯುವತಿಯರು, ನಿವೃತ್ತ ಶಿಕ್ಷಕರು ಪಾಠ ಹೇಳುತ್ತಾರೆ. ವರ್ಷದ ಕೊನೆಗೆ ಪರೀಕ್ಷೆ, ಬಹುಮಾನಗಳೂ ಉಂಟು. ಅಂತಹ ಧರ್ಮಕೇಂದ್ರಗಳ ಹೆತ್ತವರಿಗೆ ಈ ಲೇಖನ ಅಷ್ಟಾಗಿ ಅಗತ್ಯವೆನಿಸದಿರಬಹುದು. ನಾವು ಇಂದು ಬರೆಯಹೊರಟಿರುವುದು ಬಯಲುಸೀಮೆಯಲ್ಲಿ ಚದುರಿ ನೆಲೆಸಿರುವ ನಮ್ಮ ಕುಟುಂಬಗಳನ್ನು ಕುರಿತು.

ಗದಗಿಗೆ ಸಮೀಪದ ನಾಗಾವಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕಪ್ಪತಗುಡ್ಡದ ಸೀಮೆಯ ಈ ಹಳ್ಳಿಯ ಹೆಸರು 2016ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಎಲ್ಲ ಕಡೆ ಕೇಳಿಬರುವಂತಾಯಿತು. ಗದಗ-ಬೆಟಗೇರಿಯ ರೈಲ್ವೆ ಜಂಕ್ಷನ್, ಆಸ್ಪತ್ರೆಗಳು, ಶಾಲಾ ಕಾಲೇಜುಗಳು, ಮಲ್ಲಸಮುದ್ರದ ವೈದ್ಯಕೀಯ ಮಹಾವಿದ್ಯಾಲಯ ಇವೆಲ್ಲ ಹೊರಗಿನಿಂದ ನೌಕರರನ್ನು ಕರೆತರುವಂತಹವು. ಅವರ ನಡುವೆ ಒಂದೆರಡು ಕಥೋಲಿಕ ಕುಟುಂಬಗಳು ಬಂದು ಬಾಡಿಗೆ ಮನೆ ಹಿಡಿದವೆಂದುಕೊಳ್ಳಿ. 1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಗದಗ ಜಿಲ್ಲೆಯೂ ಸೇರಿದೆ. ಆದರೆ ಆ ವ್ಯಾಪ್ತಿ ಎಷ್ಟು ವಿಶಾಲವೋ ನಮ್ಮ ಜನಸಂಖ್ಯೆ ಅಷ್ಟೇ ವಿರಳ. ದೇವಾಲಯಕ್ಕೆ ಹೋಗಬೇಕಾದರೆ ಬಸ್ಸು ಹಿಡಿಯಬೇಕು. ಮಳೆ ಬಂದರೆ, ಮಗುವಿಗೆ ಜ್ವರ ಬಂದರೆ, ತಂದೆಗೆ ಭಾನುವಾರವೂ ಪಾಳಿ ಬಿದ್ದರೆ ಆ ವಾರ ತಪ್ಪಿತು. ಹತ್ತು ಹನ್ನೆರಡು ಮಕ್ಕಳು ಕೂಡಿದರೆ ತರಗತಿ. ಇಬ್ಬರೇ ಇದ್ದರೆ ತರಗತಿಯೆಲ್ಲಿ? ಇಂತಹ ಮನೆಯ ಮಗು ಪ್ರಾರ್ಥಿಸಲು ಯಾರಿಂದ ಕಲಿಯಬೇಕು ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯ ಒಡಲಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಅದರ ಕಡೆಗೆ ನಮ್ಮ ಹೆತ್ತವರ ಗಮನ ಸಾಲದೆಂದು ನಮಗೆ ತೋರುತ್ತದೆ. ಅಜ್ಜಿ ಜಪಸರ ಹೇಳುವುದು ಕೊಂಕಣಿಯಲ್ಲಿ, ಇಲ್ಲವೇ ತಮಿಳಿನಲ್ಲಿ, ತೆಲುಗಿನಲ್ಲಿ. ದೇವಾಲಯದಲ್ಲಿ ಬಲಿಪೂಜೆ ಕನ್ನಡದಲ್ಲಿ. ಮಗು ಹೋಗುವುದು ಇಂಗ್ಲಿಷ್ ಮಾಧ್ಯಮದ ಶಾಲೆಗೆ. ಅಲ್ಲಿ ಬೆಳಗಿನ ಪ್ರಾರ್ಥನೆ ಇಂಗ್ಲಿಷಿನಲ್ಲಿ. ಓಣಿಯಲ್ಲಿ ಆಡುವ ಮಾತು ಗದಗಿನ ಕನ್ನಡ. ಹೀಗಾಗಿ ಎಂಟು ವರ್ಷದ ಮಗು ಪ್ರಭು ಕಲಿಸಿದ ಪ್ರಾರ್ಥನೆಯನ್ನು ಮೂರು ಭಾಷೆಗಳಲ್ಲಿ ಅರ್ಧರ್ಧ ಬಲ್ಲದು. ಒಂದರಲ್ಲಿಯೂ ಪೂರ್ತಿಯಾಗಿ ಬಾರದು. ಅದಕ್ಕಿಂತ ಕಳವಳದ ಸಂಗತಿಯೆಂದರೆ, ಅದು ದೇವರೊಡನೆ ಯಾವ ಭಾಷೆಯಲ್ಲಿಯೂ ಮಾತನಾಡುವುದಿಲ್ಲ. ಪ್ರಾರ್ಥನೆಯೆಂದರೆ ಪಾಠದಂತೆ ಒಪ್ಪಿಸುವ ಸಂಗತಿಯೆಂದು ಅದು ತಿಳಿದುಕೊಂಡಿದೆ.

ಬಿದ್ದು ಮೊಣಕಾಲು ಒಡೆದುಕೊಂಡಾಗ ಮಗು ಯಾವ ನುಡಿಯಲ್ಲಿ ಅಳುತ್ತದೆ? ನಿದ್ದೆಗಣ್ಣಿನಲ್ಲಿ ಕನವರಿಸುವುದು ಯಾವ ನುಡಿಯಲ್ಲಿ? ಅದೇ ಅದರ ಪ್ರಾರ್ಥನೆಯ ನುಡಿ. ಅದು ಕೊಂಕಣಿಯಾದರೆ ಕೊಂಕಣಿ, ಕನ್ನಡವಾದರೆ ಕನ್ನಡ. ಗ್ರಂಥಗಳ ಕನ್ನಡವೇ ಆಗಬೇಕೆಂದಿಲ್ಲ, ಓಣಿಯ ಕನ್ನಡವಾದರೂ ಸರಿ.

ಇದು ನಮ್ಮ ಹೊಸ ಶೋಧವೇನಲ್ಲ. 1542ರ ಮೇ 6ರಂದು ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಕ್ಸೇವಿಯರರು ಕೈಯಲ್ಲಿ ಗಂಟೆ ಹಿಡಿದು ಬೀದಿಬೀದಿಗಳಲ್ಲಿ ಬಾರಿಸುತ್ತಾ ಮಕ್ಕಳನ್ನು ಕೂಡಿಸುತ್ತಿದ್ದುದು ಎಲ್ಲರೂ ಬಲ್ಲ ಸಂಗತಿ. ಅದೇ ವರ್ಷ ಅವರು ತಮಿಳುನಾಡಿನ ಮುತ್ತಿನ ಕರಾವಳಿಗೆ ಹೋದಾಗ ಅಲ್ಲಿನ ಜನರ ಭಾಷೆ ಅವರಿಗೆ ಬಾರದು. ಎರಡೂ ಭಾಷೆ ಬಲ್ಲ ಸ್ಥಳೀಯರನ್ನು ಕೂಡಿಸಿಕೊಂಡು, ಪ್ರಾರ್ಥನೆಗಳನ್ನು ತಮಿಳಿಗೆ ತರಿಸಿ, ತಾವೇ ಮೊದಲು ಬಾಯಿಪಾಠ ಮಾಡಿದರು. ಆಮೇಲೆ ಮಕ್ಕಳಿಗೆ ಕಲಿಸಿದರು. ಕಲಿತದ್ದನ್ನು ಮನೆಯಲ್ಲಿ ತಂದೆ ತಾಯಿಗೂ ನೆರೆಹೊರೆಯವರಿಗೂ ಹೇಳಿಕೊಡಬೇಕೆಂದು ಆ ಮಕ್ಕಳಿಗೆ ಆಜ್ಞೆ. ಕಾಯಿಲೆ ಬಿದ್ದವರ ಮನೆಗೆ ತಾವು ಹೋಗಲಾಗದಾಗ ಪ್ರಾರ್ಥನೆ ಹೇಳಲು ಮಕ್ಕಳನ್ನೇ ಕಳುಹಿಸುತ್ತಿದ್ದರೆಂದು ಅವರ ಪತ್ರಗಳಿಂದ ತಿಳಿದುಬರುತ್ತದೆ. ಮಗುವಿನ ಪ್ರಾರ್ಥನೆಯನ್ನು ಅವರು ಅಭ್ಯಾಸವೆಂದಾಗಲಿ ಆಟವೆಂದಾಗಲಿ ಎಣಿಸಿರಲಿಲ್ಲವೆಂಬುದನ್ನು ಗಮನಿಸಬೇಕು.

ನಮ್ಮ ಕೊಂಕಣಿ ಕುಟುಂಬಗಳು ಹೆಮ್ಮೆಪಡಬೇಕಾದ ಇನ್ನೊಂದು ಸಂಗತಿಯೂ ಇದೆ. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್‌ರು ಸಿದ್ಧಪಡಿಸಿದ, ಅವರ ಮರಣಾನಂತರ 1622ರಲ್ಲಿ ರಾಚೋಲಿನಲ್ಲಿ ಅಚ್ಚಾದ ‘ದೌತ್ರಿನ ಕ್ರಿಸ್ತಾಂ’ ಕೊಂಕಣಿಯ ಮೊದಲ ಮುದ್ರಿತ ಪುಸ್ತಕವೆಂದು ಹೆಸರಾಗಿದೆ. ಅದು ಕಾವ್ಯವಲ್ಲ, ಚರಿತ್ರೆಯಲ್ಲ. ಪ್ರಶ್ನೋತ್ತರ ರೂಪದ ಧರ್ಮೋಪದೇಶದ ಪುಸ್ತಕ. ಒಂದು ಭಾಷೆ ಅಚ್ಚುಮನೆಯ ಹೊಸ್ತಿಲು ದಾಟಿದ್ದೇ ಧರ್ಮವನ್ನು ಜನರ ಸ್ವಂತ ನುಡಿಯಲ್ಲಿ ಹೇಳುವ ಸಲುವಾಗಿ! ಬಲಿಪೂಜೆ ಮಾತ್ರ ಲತೀನಿನಲ್ಲಿಯೇ ಉಳಿದಿತ್ತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪೂಜಾವಿಧಿಯ ಸಂವಿಧಾನವನ್ನು ಪ್ರಕಟಿಸಿದ ಮೇಲೆಯೇ ಅದನ್ನು ಕನ್ನಡದಲ್ಲಿ ಕೇಳುವ ಭಾಗ್ಯ ನಮಗೆ ದೊರೆತದ್ದು. ನಮ್ಮ ಹಿರಿಯರು ನೂರಾರು ವರ್ಷ ಕಾದು ಪಡೆದುದನ್ನು ನಾವು ಮಕ್ಕಳಿಗೆ ದಾಟಿಸದೆ, ಇಂಗ್ಲಿಷಿನಲ್ಲಿ ಒಪ್ಪಿಸಿದರೆ ಬಂಧುಗಳೆದುರು ಶೋಭೆಯೆಂದು ಭಾವಿಸುವುದು ವಿಚಿತ್ರವಲ್ಲವೆ?

ಇಷ್ಟು ಹೇಳಿದಾಗ ಕೆಲವು ಹೆತ್ತವರು ಇನ್ನೊಂದು ತುದಿಗೆ ಹೋಗುವುದುಂಟು: “ಹಾಗಾದರೆ ಬಾಯಿಪಾಠವೇ ಬೇಡ, ಮಗು ತನಗೆ ತೋಚಿದ್ದನ್ನು ಹೇಳಲಿ” ಎಂದು. ಇದನ್ನು ನಾವು ಒಪ್ಪುವುದಿಲ್ಲ. ಬಾಯಿಪಾಠದ ಬೆಲೆ ಏನೆಂಬುದನ್ನು ಜಪಾನಿನ ನಮ್ಮ ಸೋದರರನ್ನು ಕೇಳಬೇಕು. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮಕ್ಕೆ ನಿಷೇಧ ಬಿದ್ದಿತು. 17ನೆಯ ಶತಮಾನದ ಮಧ್ಯದ ಹೊತ್ತಿಗೆ ದೇಶದಲ್ಲಿ ಒಬ್ಬ ಗುರುವೂ ಉಳಿಯಲಿಲ್ಲ. ದೇವಾಲಯವಿಲ್ಲ, ಬಲಿಪೂಜೆಯಿಲ್ಲ, ಪುಸ್ತಕ ಸಿಕ್ಕರೆ ಮರಣದಂಡನೆ. ಹೀಗಿದ್ದೂ ಮನೆಯ ಹಿರಿಯರು ಮಕ್ಕಳ ಕಿವಿಯಲ್ಲಿ ಪ್ರಾರ್ಥನೆಗಳನ್ನು ಪಿಸುಗುಟ್ಟುತ್ತಲೇ ಬಂದರು. ಆ ಪ್ರಾರ್ಥನೆಗಳಿಗೆ ಅವರು ಇಟ್ಟ ಹೆಸರು ‘ಒರಾಶೊ’. ಲತೀನಿನ ‘ಒರಾತ್ಸಿಯೊ’ ಅವರ ನಾಲಿಗೆಯಲ್ಲಿ ಹಾಗಾಗಿತ್ತು. ಒಳಗಿನ ಅನೇಕ ಪದಗಳೂ ರೂಪ ಕೆಟ್ಟು ಹೇಳುವವರಿಗೇ ಅರ್ಥವಾಗದಂತಾಗಿದ್ದವು. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ಔರಾ ದೇವಾಲಯಕ್ಕೆ ಬಡ ರೈತರ ಒಂದು ಗುಂಪು ಬಂದು, ಫ್ರೆಂಚ್ ಗುರು ಪೆತಿಜಾನರೆದುರು ತಾವೂ ಅದೇ ವಿಶ್ವಾಸದವರೆಂದು ತಿಳಿಸಿ, ಮಾತೆ ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿತು. ಇನ್ನೂರಕ್ಕೂ ಮಿಕ್ಕಿದ ವರ್ಷಗಳ ಕಾಲ ಆ ವಿಶ್ವಾಸವನ್ನು ಹೊತ್ತು ತಂದದ್ದು ಮಕ್ಕಳಾಗಿದ್ದಾಗ ಕಲಿತ ಬಾಯಿಪಾಠ. ಅರ್ಥ ಸವೆದುಹೋದರೂ ಶಬ್ದ ಉಳಿದಿತ್ತು. ಆ ಶಬ್ದದ ಆಸರೆಯಲ್ಲಿಯೇ ಅರ್ಥ ಮರಳಿ ಬಂದಿತು.

ಕಿವಿಯಿಂದ ಕಲಿಯುವುದೆಂದರೇನು ಎಂಬುದಕ್ಕೆ ಜಪಾನಿನವರೆಗೆ ಹೋಗಬೇಕಾಗಿಯೂ ಇಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅರಿಯದವರು ನಮ್ಮ ನಾಡಿನಲ್ಲಿ ಯಾರಿದ್ದಾರೆ? ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ಆ ಆಶ್ರಮದಲ್ಲಿ ದೃಷ್ಟಿಯಿಲ್ಲದ ನೂರಾರು ಮಕ್ಕಳು ಸಂಗೀತಗಾರರಾದರು. ಗುರುಗಳಿಬ್ಬರಿಗೂ ಕಣ್ಣಿರಲಿಲ್ಲ. ಗುರು ಹಾಡಬೇಕು, ಶಿಷ್ಯ ಕೇಳಬೇಕು, ಮತ್ತೆ ಹಾಡಬೇಕು. ಸ್ವರ ಕಿವಿಯ ದಾರಿಯಲ್ಲಿಯೇ ಒಳಗಿಳಿಯಬೇಕು. ಗುರುವೇ ಹಾಡದೆ ‘ನೀನು ಹಾಡು’ ಎಂದರೆ ಯಾವ ಶಿಷ್ಯನೂ ಕಲಿಯಲಾರ. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದೇ ಅಲ್ಲವೆ? ಸಂಜೆ ಏಳು ಗಂಟೆಗೆ ತಂದೆ ಮೊಬೈಲ್ ಹಿಡಿದು ಕುಳಿತು “ಹೋಗಿ ಪ್ರಾರ್ಥನೆ ಮಾಡು” ಎಂದು ಮಗುವಿಗೆ ಅಪ್ಪಣೆ ಕೊಡುತ್ತಾನೆ. ತಂದೆ ಮೊಣಕಾಲೂರಿದ್ದನ್ನು ಆ ಮಗು ಕಂಡೇ ಇಲ್ಲ.

1983ರ ಧರ್ಮಸಭೆಯ ಕಾನೂನು ಸಂಹಿತೆ ಈ ವಿಷಯದಲ್ಲಿ ಯಾವ ಸಂದೇಹವನ್ನೂ ಉಳಿಸಿಲ್ಲ. ಮಾತಿನಿಂದಲೂ ನಡತೆಯಿಂದಲೂ ಮಕ್ಕಳನ್ನು ವಿಶ್ವಾಸದಲ್ಲಿ ರೂಪಿಸುವ ಹೊಣೆ ಎಲ್ಲರಿಗಿಂತ ಮೊದಲು ಹೆತ್ತವರದೆಂದು ಅದು ವಿಧಿಸುತ್ತದೆ. ಗುರುಗಳು, ಉಪದೇಶಿಗಳು, ಕನ್ಯಾಭಗಿನಿಯರು ಬರುವುದು ಆನಂತರ. ಸಂತ ಪೌಲರು ತಿಮೊಥೇಯನಿಗೆ ಬರೆಯುವಾಗ ಅವನ ವಿಶ್ವಾಸದ ಮೂಲವನ್ನು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಕಾಣುತ್ತಾರೆ. ಹೆಸರುಗಳ ಆ ಕ್ರಮವನ್ನು ಗಮನಿಸಿ: ಅಜ್ಜಿ ಮೊದಲು. ನಮ್ಮ ಕಡೆ ಜಪಸರವನ್ನು ತಪ್ಪದೆ ಹೇಳುವವಳು ಇಂದಿಗೂ ಅಜ್ಜಿಯೇ. ಆಕೆ ಊರಿನಲ್ಲಿ, ಮಕ್ಕಳು ಗದಗಿನಲ್ಲಿ; ಹೀಗಾಗಿ ಸರಪಳಿಯ ಒಂದು ಕೊಂಡಿಯೇ ಕಳಚಿದೆ. ಬೇಸಿಗೆಯ ರಜೆಯಲ್ಲಿ ಮಗುವನ್ನು ಅಜ್ಜಿಯ ಮನೆಗೆ ಕಳುಹಿಸುವುದು ಕೇವಲ ಮಾವಿನಹಣ್ಣಿನ ಆಸೆಗಾಗಿ ಅಲ್ಲವೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ.

ಬಾಯಿಪಾಠದ ಪ್ರಾರ್ಥನೆ ಅಡಿಪಾಯವಾದರೆ ಅದರ ಮೇಲೆ ಮಗುವಿನ ಸ್ವಂತ ಮಾತು ಏಳಬೇಕು. ಪ್ರಭು ಕಲಿಸಿದ ಪ್ರಾರ್ಥನೆ, ನಮೋ ಮರಿಯ ಮುಗಿದ ಮೇಲೆ ಎರಡು ನಿಮಿಷ ಮಗುವಿಗೆ ಬಿಟ್ಟುಕೊಡಿ. “ಯೇಸುಸ್ವಾಮಿ, ಅಜ್ಜಗ ಕೆಮ್ಮ ಭಾಳ ಆಗೇತಿ, ಲಗೂನ ಆರಾಮ ಮಾಡು.” “ಇವತ್ತ ತಮ್ಮನ ಪೆನ್ಸಿಲ್ ನಾನ ಮುಚ್ಚಿಟ್ಟಿದ್ದೆ, ನಾಳೆ ಕೊಡ್ತೀನಿ.” “ನಮ್ಮ ಓಣ್ಯಾಗಿನ ಆಕಳಾ ಕರಾ ಹಾಕೇತಿ, ಭಾಳ ಛಲೋ ಐತಿ.” ಇವುಗಳಲ್ಲಿ ಮೊದಲನೆಯದು ಬಿನ್ನಹ, ಎರಡನೆಯದು ಪಶ್ಚಾತ್ತಾಪ, ಮೂರನೆಯದು ಸ್ತುತಿ. ದೈವಶಾಸ್ತ್ರಜ್ಞರು ಪ್ರಾರ್ಥನೆಯನ್ನು ವಿಂಗಡಿಸುವ ಬಗೆಗಳು ಮಗುವಿನ ಬಾಯಲ್ಲಿ ತಾವಾಗಿಯೇ ಬಂದುಬಿಡುತ್ತವೆ. ಹಿರಿಯರು ಮಾಡಬೇಕಾದುದು ಒಂದೇ: ನಗಬಾರದು, ತಿದ್ದಬಾರದು, ಮರುದಿನ ಬಂಧುಗಳೆದುರು “ನಮ್ಮ ಹುಡುಗ ಹೇಗೆ ಪ್ರಾರ್ಥಿಸುತ್ತಾನೆ ಕೇಳಿ” ಎಂದು ಪ್ರದರ್ಶನಕ್ಕೆ ನಿಲ್ಲಿಸಬಾರದು. ಪೆನ್ಸಿಲಿನ ಗುಟ್ಟು ದೇವರಿಗೆ ಹೇಳಿದ್ದು. ತಾಯಿ ಅದನ್ನು ಹಿಡಿದುಕೊಂಡು ಗದರಿಸಿದರೆ ಆ ಬಾಗಿಲು ಬಹುಕಾಲ ಮುಚ್ಚಿಬಿಡುತ್ತದೆ. ತಪ್ಪು ಮಾಡಿದ ಮಗುವಿಗೆ ಹತ್ತು ‘ನಮೋ ಮರಿಯ’ ಹೇಳೆಂದು ಶಿಕ್ಷೆ ವಿಧಿಸುವ ಹೆತ್ತವರೂ ಇದ್ದಾರೆ. ಬೆತ್ತವನ್ನು ಯಾವ ಮಗುವೂ ಪ್ರೀತಿಸುವುದಿಲ್ಲ.

ಇನ್ನು ಕಠಿಣವಾದ ಸಂಗತಿಗೆ ಬರೋಣ. ಗದಗ ಸೀಮೆ ಮಳೆಯನ್ನು ನಂಬಿದ ಎರೆಭೂಮಿ. ಮುಂಗಾರು ಕೈಕೊಟ್ಟರೆ ಹೆಸರು ಹೊಲದಲ್ಲಿಯೇ ಒಣಗುತ್ತದೆ. ಹಿಂಗಾರು ತಪ್ಪಿದರೆ ಜೋಳ, ಕಡಲೆಯ ಗತಿಯೂ ಅಷ್ಟೇ. ಮಗು ಮಳೆಗಾಗಿ ಬೇಡಿಕೊಂಡಿತು, ಮಳೆ ಬರಲಿಲ್ಲ. ಅಜ್ಜನಿಗಾಗಿ ಬೇಡಿಕೊಂಡಿತು, ಅಜ್ಜ ತೀರಿಕೊಂಡ. ಆಗ ಮಗು ಕೇಳುತ್ತದೆ: “ನಾ ಕೇಳಿಕೊಂಡಿದ್ನೆಲ್ಲಾ ಅವ್ವಾ, ದೇವರು ಯಾಕ ಕೇಳಲಿಲ್ಲ?” ಮಗುವಿನ ವಿಶ್ವಾಸ ನಿಲ್ಲುವುದೂ ಕುಸಿಯುವುದೂ ಬಹುಮಟ್ಟಿಗೆ ಈ ಗಳಿಗೆಯಲ್ಲಿ ಹಿರಿಯರು ಕೊಡುವ ಉತ್ತರದ ಮೇಲೆಯೇ ಎಂದು ನಾವು ನಂಬಿದ್ದೇವೆ.

ಸಾಮಾನ್ಯವಾಗಿ ಕೇಳಿಬರುವ ಎರಡು ಉತ್ತರಗಳುಂಟು, ಎರಡೂ ಕೆಟ್ಟವು. “ನೀನು ಮನಸ್ಸಿಟ್ಟು ಪ್ರಾರ್ಥಿಸಲಿಲ್ಲ” ಎಂಬುದು ಒಂದು. ಅಜ್ಜನ ಸಾವಿನ ಹೊರೆಯನ್ನು ಏಳು ವರ್ಷದ ಹೆಗಲ ಮೇಲೆ ಹೊರಿಸುವ ಕ್ರೂರ ಮಾತಿದು. “ದೇವರಿಗೆ ಅಜ್ಜ ಬೇಕಾಗಿದ್ದ, ಕರೆದುಕೊಂಡ” ಎಂಬುದು ಇನ್ನೊಂದು. ಸಮಾಧಾನಕ್ಕೆಂದು ಆಡಿದ ಮಾತಾದರೂ ಮಗುವಿನ ಕಣ್ಣಿಗೆ ದೇವರು ಕಳ್ಳನಾಗಿ ತೋರುತ್ತಾನೆ. ನಾಳೆ ಅವ್ವನೂ ಬೇಕಾದರೇನು ಗತಿ ಎಂಬ ಅಂಜಿಕೆ ಹುಟ್ಟುತ್ತದೆ. ಇದರ ಬದಲು ಗೆತ್ಸೆಮನೆ ತೋಪಿನ ಕಥೆಯನ್ನು ಹೇಳಿ. ತಮ್ಮ ಮುಂದಿದ್ದ ಯಾತನೆಯ ಪಾತ್ರೆ ತೊಲಗಲೆಂದು ಯೇಸುವೇ ತಂದೆಯನ್ನು ಬೇಡಿಕೊಂಡರು, ಅದು ತೊಲಗಲಿಲ್ಲ. ಹೀಗಿದ್ದೂ ಅವರು ತಂದೆಯೊಡನೆ ಮಾತು ಬಿಡಲಿಲ್ಲ. ಕೀರ್ತನೆಗಳ ಪುಸ್ತಕದಲ್ಲಿ ದೇವರನ್ನು ‘ಏಕೆ’ ಎಂದೂ ‘ಎಷ್ಟರವರೆಗೆ’ ಎಂದೂ ಕೇಳುವ ಭಕ್ತರಿದ್ದಾರೆ. ಆ ಕೇಳಿಕೆಯನ್ನು ಧರ್ಮಸಭೆ ಅಳಿಸಿಹಾಕದೆ ತನ್ನ ಪ್ರಾರ್ಥನೆಯಾಗಿ ಇಟ್ಟುಕೊಂಡಿದೆ. ಆದುದರಿಂದ ಮಗು ದೇವರ ಮೇಲೆ ಸಿಟ್ಟಾದರೆ ಸಿಟ್ಟನ್ನೂ ದೇವರಿಗೇ ಹೇಳಲಿ. “ನನಗೂ ತಿಳೀವಲ್ದು, ಬಾ, ಇಬ್ಬರೂ ಕೂಡಿ ಕೇಳೋಣು” ಎಂದು ತಾಯಿ ಪಕ್ಕದಲ್ಲಿ ಕುಳಿತರೆ ಸಾಕು. ಅಗಲಿದವರಿಗಾಗಿ ಪ್ರಾರ್ಥಿಸುವುದು ನಮ್ಮ ಕಥೋಲಿಕ ಪರಂಪರೆಯಲ್ಲಿಯೇ ಇದೆಯಷ್ಟೆ. ‘ಅಜ್ಜಗ ಆರಾಮ ಮಾಡು’ ಎಂದಿದ್ದ ಪ್ರಾರ್ಥನೆ ‘ಅಜ್ಜನ್ನ ಛಲೋತ್ನ್ಯಾಗಿ ನೋಡಿಕೋ’ ಎಂದು ಮುಂದುವರಿಯಲಿ. ಅಜ್ಜನ ಹೆಸರು ಆ ಮನೆಯ ಸಂಜೆಯ ಪ್ರಾರ್ಥನೆಯಿಂದ ಬಿಟ್ಟುಹೋಗಬಾರದು.

ನಾಗಾವಿಯಂತಹ ಊರಿನ ಮಗುವಿಗೆ ಇನ್ನೊಂದು ಪ್ರಶ್ನೆಯೂ ತಪ್ಪಿದ್ದಲ್ಲ. ಗೆಳೆಯರೆಲ್ಲ ಗಣಪತಿಯನ್ನು ಕೂಡಿಸುತ್ತಾರೆ, ಬಸವ ಜಯಂತಿಯ ಮೆರವಣಿಗೆಗೆ ಹೋಗುತ್ತಾರೆ, ಮೊಹರಮ್ಮಿನಲ್ಲಿ ಅಲಾಯಿ ಕುಣಿಯುತ್ತಾರೆ, ನಾವೇಕೆ ಇಲ್ಲ? ನೆರೆಯವರ ದೇವರನ್ನು ಹಳಿದು ನಮ್ಮ ದೇವರನ್ನು ದೊಡ್ಡದು ಮಾಡುವ ಉತ್ತರ ಸುಲಭ, ಅದು ಸಲ್ಲದು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಮಹಾಸಭೆ 1965ರಲ್ಲಿಯೇ ಘೋಷಿಸಿದೆ. ಅವರ ಹಬ್ಬದ ಕಡುಬನ್ನು ನಾವು ತಿನ್ನೋಣ, ನಮ್ಮ ಕ್ರಿಸ್ಮಸ್ಸಿನ ಕರ್ಚಿಕಾಯಿಯನ್ನು ಅವರ ಮನೆಗೆ ಮುಟ್ಟಿಸೋಣ, ನಮ್ಮ ಮನೆಯ ಪ್ರಾರ್ಥನೆ ಇದು ಎಂದು ಮಗುವಿಗೆ ತೋರಿಸೋಣ. ತನ್ನ ಮನೆಯಲ್ಲಿ ದೀಪವಿದ್ದರೆ ಮಗು ನೆರೆಮನೆಯ ದೀಪವನ್ನು ಕಂಡು ಕಳವಳಗೊಳ್ಳದು.

ಬೆಟಗೇರಿಯ ನಮ್ಮ ಪ್ರಾಟೆಸ್ಟೆಂಟ್ ಸೋದರರಿಂದಲೂ ಕಲಿಯುವುದಿದೆ. ಬಾಸೆಲ್ ಮಿಷನ್ನಿನವರು ಅಲ್ಲಿ ನೆಲೆಯೂರಿದ್ದು 1841ರಲ್ಲಿ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್ 1780ರಲ್ಲಿ ಬಡಮಕ್ಕಳಿಗಾಗಿ ತೆರೆದ ಭಾನುವಾರದ ಶಾಲೆಯ ಪದ್ಧತಿ ಅವರ ಸಭೆಗಳಲ್ಲಿ ಬೇರುಬಿಟ್ಟಿದೆ. ಪವಿತ್ರ ಗ್ರಂಥದ ವಾಕ್ಯಗಳನ್ನು ಅಧ್ಯಾಯ ಸಂಖ್ಯೆಯ ಸಮೇತ ಹೇಳುವ ಮಕ್ಕಳು ಅವರಲ್ಲಿದ್ದಾರೆ. ನಮ್ಮ ಮಕ್ಕಳು ಬೈಬಲ್ ತೆರೆಯುವುದು ಯಾವಾಗ ಎಂದು ಕೇಳಿಕೊಳ್ಳಬೇಕಾಗಿದೆ.

ಉಪದೇಶಿಗಳಿಗೆ ಒಂದು ಮಾತು. ಸಮುವೇಲನ ಕಥೆ ನಿಮಗೆಲ್ಲ ತಿಳಿದುದೇ. ಶಿಲೋವಿನ ಮಂದಿರದಲ್ಲಿ ಮಲಗಿದ್ದ ಬಾಲಕ ತನ್ನನ್ನು ಯಾರೋ ಕರೆದಂತಾಗಿ ಮೂರು ಸಲ ಮುದುಕ ಏಲಿಯ ಬಳಿಗೆ ಓಡಿದ. ಏಲಿ ದೇವರ ಪರವಾಗಿ ತಾನೇ ಮಾತನಾಡಲಿಲ್ಲ, ಕಥೆ ಕಟ್ಟಿ ಹೇಳಲಿಲ್ಲ. ಮತ್ತೆ ಕರೆ ಬಂದರೆ ಹೇಗೆ ಓಗೊಡಬೇಕೆಂದಷ್ಟೇ ಕಲಿಸಿ ಹುಡುಗನನ್ನು ಹಿಂದಕ್ಕೆ ಕಳುಹಿಸಿದ. ಉಪದೇಶಿಯ ಕೆಲಸವೂ ಅಷ್ಟೇ. ಏಲಿಯ ಸ್ವಂತ ಮಕ್ಕಳು ದಾರಿತಪ್ಪಿದ್ದರೆಂಬುದು ಕಥೆಯ ಇನ್ನೊಂದು ಮುಖ. ತನ್ನ ಮನೆಯಲ್ಲಿ ಸೋತವನೂ ಬೇರೆಯವರ ಮಗುವನ್ನು ದೇವರ ಬಳಿಗೆ ಕಳುಹಿಸಬಲ್ಲನೆಂಬುದು ನಮ್ಮ ಎಷ್ಟೋ ಉಪದೇಶಿಗಳಿಗೆ ಸಾಂತ್ವನ ತರುವ ಸಂಗತಿ. ಮಕ್ಕಳೊಡನೆ ಬಲಿಪೂಜೆ ಅರ್ಪಿಸುವ ಬಗೆಯನ್ನು ಕುರಿತು ರೋಮಿನಿಂದ 1973ರಲ್ಲಿ ಬಂದ ಮಾರ್ಗದರ್ಶಿ, ಮಕ್ಕಳಿಗೂ ಮೌನ ಬೇಕೆಂದು ಸೂಚಿಸಿದೆ. ತರಗತಿಯಲ್ಲಿ ಹಾಡು, ಚಪ್ಪಾಳೆ, ಅಭಿನಯ ಎಲ್ಲ ಇರಲಿ. ಒಂದು ನಿಮಿಷ ಕಣ್ಮುಚ್ಚಿ ಸುಮ್ಮನೆ ಕೂಡುವುದನ್ನೂ ಕಲಿಸಿ.

ಮಗು ಚಿಕ್ಕದು, ಅದಕ್ಕೇನು ತಿಳಿಯುತ್ತದೆ ಎನ್ನುವವರಿಗೆ ಹತ್ತನೆಯ ಭಕ್ತಿನಾಥ ಜಗದ್ಗುರುಗಳು 1910ರ ಆಗಸ್ಟ್ 8ರಂದೇ ಉತ್ತರ ಕೊಟ್ಟಿದ್ದಾರೆ. ಹತ್ತು, ಹನ್ನೆರಡು, ಕೆಲವೆಡೆ ಹದಿನಾಲ್ಕು ವರ್ಷದವರೆಗೂ ಮಕ್ಕಳನ್ನು ಪ್ರಥಮ ಪರಮಪ್ರಸಾದದಿಂದ ದೂರವಿಡುತ್ತಿದ್ದ ಪದ್ಧತಿಯನ್ನು ಅವರ ಆಜ್ಞೆ ಮುರಿಯಿತು. ಸುಮಾರು ಏಳನೆಯ ವಯಸ್ಸಿನಲ್ಲಿ, ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ಭೇದವನ್ನು ತನ್ನ ಅಳವಿಗೆ ತಕ್ಕಂತೆ ಅರಿತರೆ ಸಾಕೆಂದಿತು. ಮಗುವಿನ ಅರಿವಿನ ಮೇಲೆ ಧರ್ಮಸಭೆ ಇಟ್ಟ ಈ ನಂಬಿಕೆ ವ್ಯರ್ಥವಾಗಲಿಲ್ಲ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುತಿಸ್, ಹೆತ್ತವರು ದೇವಾಲಯಕ್ಕೆ ಅಷ್ಟಾಗಿ ಹೋಗದ ಮನೆಯ ಹುಡುಗ. ಅವನೇ ತಾಯಿಯನ್ನು ಬಲಿಪೂಜೆಗೆ ಮರಳಿ ಕರೆತಂದ. 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಮಕ್ಕಳು ಹೆತ್ತವರಿಗೆ ಕಲಿಸಲೆಂಬ ಕ್ಸೇವಿಯರರ ಏರ್ಪಾಡು ಮಿಲಾನ್ ನಗರದಲ್ಲಿ ಯಾರ ಆಜ್ಞೆಯೂ ಇಲ್ಲದೆ ನಡೆದಿತ್ತು.

ಪ್ರಾರ್ಥನೆಯ ಜೊತೆಗೆ ಕೈಯೂ ಕೆಲಸ ಮಾಡಬೇಕು. ಫ್ರಾನ್ಸಿನ ಧರ್ಮಾಧ್ಯಕ್ಷ ಫೋರ್ಬಾಂ-ಜಾನ್ಸಾಂ 1843ರಲ್ಲಿ ಆರಂಭಿಸಿದ ಪವಿತ್ರ ಬಾಲ್ಯ ಸಂಸ್ಥೆ ಮಕ್ಕಳಿಂದ ಕೇಳಿದ್ದು ಬಹಳ ಅಲ್ಪ: ದೂರದೇಶದ ಮಕ್ಕಳಿಗಾಗಿ ದಿನಕ್ಕೊಂದು ‘ನಮೋ ಮರಿಯ’, ತಿಂಗಳಿಗೊಂದು ಕಾಸು. ಅಲ್ಪವೆಂದು ಗದಗ ಸೀಮೆಯವರು ಮೂಗು ಮುರಿಯುವಂತಿಲ್ಲ. ರೈತರ ಸಣ್ಣ ಸಣ್ಣ ಪಾಲುಗಳಿಂದ ದೇಶದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಇಲ್ಲಿಯ ಕಣಗಿನಹಾಳದಲ್ಲಿಯೇ ಅಲ್ಲವೆ!

ಈ ಜೂನ್ ತಿಂಗಳಿಗೆ ಚದುರಿದ ಕುಟುಂಬಗಳಿಗೆ ನಮ್ಮ ಸಲಹೆಗಳು ಹೆಚ್ಚೇನಿಲ್ಲ. ಮನೆಯಲ್ಲಿ ಒಂದು ಮೂಲೆ, ಒಂದು ಶಿಲುಬೆ, ಒಂದು ದೀಪ. ರಾತ್ರಿಯ ಊಟಕ್ಕೆ ಮುಂಚೆ ಹತ್ತು ನಿಮಿಷ. ಆ ಹತ್ತು ನಿಮಿಷ ಮೊಬೈಲು, ದೂರದರ್ಶನ ಎರಡೂ ಬಂದ್. ಪ್ರಾರ್ಥನೆಗೆ ಒಂದೇ ಭಾಷೆಯನ್ನು ಆರಿಸಿಕೊಂಡು ಮೊದಲು ಅದರಲ್ಲಿ ಪೂರ್ತಿ ಕಲಿಸಿ. ಉಳಿದವು ಆಮೇಲೆ ಬಂದಾವು. ಊರಿನಲ್ಲಿರುವ ಅಜ್ಜಿಗೆ ವಾರಕ್ಕೊಮ್ಮೆಯಾದರೂ ಫೋನು ಹಚ್ಚಿ, ಮಗುವೂ ಆಕೆಯೂ ಜಪಸರದ ಒಂದು ಹತ್ತನ್ನು ಕೂಡಿ ಹೇಳಲಿ. ಧರ್ಮಕೇಂದ್ರದ ಗುರುಗಳು ಮನೆಗೆ ಭೇಟಿಕೊಟ್ಟ ದಿನ ಚಹಾ ಚುರುಮುರಿಯ ಉಪಚಾರಕ್ಕೆ ಮುಂಚೆ ಎಲ್ಲರೂ ಆ ಮೂಲೆಯಲ್ಲಿ ಕೂಡಿರಿ. ಅಂದು ಪ್ರಾರ್ಥನೆಯನ್ನು ಆರಂಭಿಸುವವರು ಗುರುಗಳಾಗದೆ ಮನೆಯ ಅತಿ ಚಿಕ್ಕ ಮಗುವಾಗಲಿ, ತನ್ನದೇ ಮಾತಿನಲ್ಲಿ.